ದುಡ್ಡು ಕೊಟ್ಟು ಪಡೆಯುವ ಆನ್‌ಲೈನ್ ತಜ್ಞರ ಉತ್ತರ: ಸರಿಯಿದೆಯೇ ಅಂತ ಪರೀಕ್ಷಿಸೋದು ಹೇಗೆ?

ಮುಂಜಾವು22 (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಟೈಪ್ ಮಾಡಿ ಹಣ ಕಟ್ಟಿದರೆ ಡಾಕ್ಟರ್, ವಕೀಲರು, ಮೆಕ್ಯಾನಿಕ್ ಹೀಗೆ ಯಾರಾದರೊಬ್ಬ ತಜ್ಞರ ಜೊತೆ ಚಾಟ್ ಮಾಡಿಸುವ ತಾಣಗಳಿವೆಯಲ್ಲ, ಅಲ್ಲಿ ಸಿಗುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಬಳಸುವ ಮುಂಚೆ ತಿಳಿದವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಬಾಟ್ ಎರಡು ಮೂರು ಪ್ರಶ್ನೆ ಕೇಳುತ್ತದೆ. ಆಮೇಲೆ "ತಜ್ಞರು ಆನ್‌ಲೈನ್‌ನಲ್ಲಿದ್ದಾರೆ" ಅಂತ ತೋರಿಸಿ ಕಾರ್ಡ್ ವಿವರ ಕೇಳುತ್ತದೆ. ತಜ್ಞರ ಹೆಸರಿನ ಪಕ್ಕ "ವೆರಿಫೈಡ್" ಗುರುತು, ಐದಕ್ಕೆ ಐದರ ಹತ್ತಿರ ಸ್ಟಾರ್, ಸಾವಿರಾರು ಉತ್ತರ ಕೊಟ್ಟಿದ್ದಾರೆ ಅನ್ನುವ ಲೆಕ್ಕ ಇರುತ್ತದೆ. ನನ್ನ ಅನುಮಾನಗಳು ಇವು. ವೆರಿಫೈಡ್ ಅಂದರೆ ಯಾವುದನ್ನು ಪರಿಶೀಲಿಸಿರುತ್ತಾರೆ? ಸ್ಟಾರ್ ನೋಡಿ ಆರಿಸಿಕೊಂಡರೆ ಸಾಕೇ? ಹೆಚ್ಚು ದುಡ್ಡಿನ ಪ್ಲಾನ್ ತೆಗೆದುಕೊಂಡರೆ ಉತ್ತರವೂ ಅಷ್ಟು ಹೆಚ್ಚು ಸರಿಯಾಗಿರುತ್ತದೆಯೇ? ಆ ವಿಷಯ ಗೊತ್ತಿಲ್ಲದ್ದಕ್ಕೇ ತಾನೆ ದುಡ್ಡು ಕೊಟ್ಟು ಕೇಳುವುದು. ಹಾಗಿರುವಾಗ ಬಂದ ಉತ್ತರ ಸರಿಯೋ ತಪ್ಪೋ ಅಂತ ನಾನು ಅಳೆಯುವುದು ಹೇಗೆ?

ಸದ್ಯ ಕೇಳಬೇಕಾಗಿರುವುದು ಮೂರು: ಕಾರಿನ ಎಂಜಿನ್ ಲೈಟ್ ಆರುತ್ತಿಲ್ಲ, ಮನೆಯವರ ಮಾತ್ರೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬಹುದೇ ಅನ್ನುವುದು, ಮತ್ತೆ ಒಂದು ಕರಾರು ಪತ್ರದ ನೋಟಿಸ್ ಅವಧಿ. ಮೂರಕ್ಕೂ ಒಂದೇ ತಾಣ ಸಾಕು ಅಂತ ಜಾಹೀರಾತು ಹೇಳುತ್ತದೆ.

ಅಡಿಟಿಪ್ಪಣಿ:

ಮುಂಜಾವು ಅವರೇ, ಸ್ಟಾರ್ ವಿಷಯದಿಂದ ಶುರು ಮಾಡುತ್ತೇನೆ, ಹೆಚ್ಚು ಜನ ಎಡವುವುದು ಅಲ್ಲೇ.

ಸ್ಟಾರ್ ಕೊಡುವುದು ಯಾವಾಗ ಅಂತ ಗಮನಿಸಿ. ಚಾಟ್ ಮುಗಿದ ಕೂಡಲೇ. ಆ ಹೊತ್ತಿಗೆ ಬಾನೆಟ್ ತೆರೆದಿರುವುದಿಲ್ಲ, ಮಾತ್ರೆ ನುಂಗಿರುವುದಿಲ್ಲ, ನೋಟಿಸ್ ಕಳಿಸಿರುವುದಿಲ್ಲ. ಉತ್ತರ ಬೇಗ ಬಂತೇ, ಸೌಜನ್ಯದಿಂದ ಮಾತಾಡಿದರೇ, ಮನಸ್ಸಿಗೆ ಸಮಾಧಾನವಾಯಿತೇ ಅನ್ನುವುದಷ್ಟೇ ಆಗ ಗೊತ್ತಿರುತ್ತದೆ. "ಈ ಕೇಸ್ ಗೆಲ್ಲುವುದು ಕಷ್ಟ" ಎಂದ ವಕೀಲರಿಗೆ ಮೂರು ಸ್ಟಾರ್, ಆಸೆ ಹುಟ್ಟಿಸಿದವರಿಗೆ ಐದು ಬೀಳುವುದು ಸಹಜ. ಆದ್ದರಿಂದ ಸರಾಸರಿ ಅಂಕಿ ಬಿಟ್ಟು, ಕಡಿಮೆ ಸ್ಟಾರ್‌ನ ವಿಮರ್ಶೆಗಳನ್ನು ಮಾತ್ರ ತೆರೆದು ಓದಿ. "ತಡವಾಗಿ ಉತ್ತರಿಸಿದರು" ಅನ್ನುವವನ್ನು ಬದಿಗಿಡಿ. "ಹೇಳಿದ ಭಾಗ ಬದಲಿಸಿದೆ, ತೊಂದರೆ ಹಾಗೇ ಇದೆ" ಅನ್ನುವಂಥವು ಒಬ್ಬರ ಮೇಲೇ ಮತ್ತೆ ಮತ್ತೆ ಇದ್ದರೆ ಅದು ನಿಜವಾದ ಸುಳಿವು.

ವೆರಿಫೈಡ್ ಅಂದರೆ ಸಾಮಾನ್ಯವಾಗಿ ತಾಣಕ್ಕೆ ಸೇರುವಾಗ ಗುರುತಿನ ಚೀಟಿ, ಪದವಿ ಅಥವಾ ಲೈಸೆನ್ಸ್ ದಾಖಲೆ ನೋಡಿದ್ದಾರೆ ಎಂದು ಅರ್ಥ. ಆ ಲೈಸೆನ್ಸ್ ಇವತ್ತಿಗೂ ಚಾಲ್ತಿಯಲ್ಲಿದೆಯೇ, ನಿಮ್ಮ ಪ್ರಶ್ನೆ ಅವರ ಕ್ಷೇತ್ರದ್ದೇ, ನಿಮ್ಮ ಊರಿನ ಕಾನೂನು ಅವರಿಗೆ ಗೊತ್ತಿರುವಂಥದ್ದೇ, ಇವನ್ನು ಆ ಗುರುತು ಹೇಳುವುದಿಲ್ಲ. ಚರ್ಮದ ಡಾಕ್ಟರೂ ವೆರಿಫೈಡ್ ಡಾಕ್ಟರೇ. ಅವರು ಹೃದಯದ ಪ್ರಶ್ನೆಗೆ ಉತ್ತರಿಸಲು ಕೂತರೂ ಗುರುತು ಬದಲಾಗುವುದಿಲ್ಲ. ಪರಿಶೀಲಿಸುವ ದಾರಿ ಒಂದೇ: ಚಾಟ್ ಶುರುವಾದ ಕೂಡಲೇ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಯಾವ ಮಂಡಳಿಯಲ್ಲಿ ನೋಂದಣಿ ಅಂತ ಕೇಳಿ, ಆ ಮಂಡಳಿಯ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ. ಅಲ್ಲಿ ನೋಂದಣಿಯ ಸ್ಥಿತಿ, ವಿಶೇಷ ಪರಿಣತಿ, ಕೆಲವು ಕಡೆ ಶಿಸ್ತು ಕ್ರಮಗಳೂ ಕಾಣುತ್ತವೆ. ತಾಣದ ನಿಯಮದ ಪ್ರಕಾರ ಪೂರ್ತಿ ಹೆಸರು ಕೊಡುವಂತಿಲ್ಲ ಎಂದರೆ, ಬಂದ ಉತ್ತರವನ್ನು ಹೆಸರು ಗೊತ್ತಿಲ್ಲದ ಒಬ್ಬರ ಸಲಹೆ ಎಂದೇ ಇಟ್ಟುಕೊಳ್ಳಿ. ಉಪಯೋಗವಿಲ್ಲ ಅಂತಲ್ಲ, ಆದರೆ ಅದರ ತೂಕ ಅಷ್ಟೇ.

ಇನ್ನು ಬೆಲೆ. ಇದರ ಬಗ್ಗೆ ನಿಜಕ್ಕೂ ಅಧ್ಯಯನ ನಡೆದಿದೆ. ಗೂಗಲ್ ಆನ್ಸರ್ಸ್ ಎಂಬ ಸೇವೆ 2002ರಲ್ಲಿ ಶುರುವಾಗಿ 2006ರ ಕೊನೆಗೆ ಹೊಸ ಪ್ರಶ್ನೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕೇಳುವವರೇ 2ರಿಂದ 200 ಡಾಲರ್‌ವರೆಗೆ ಬೆಲೆ ಇಡುತ್ತಿದ್ದರು, ಅದರಲ್ಲಿ ಮುಕ್ಕಾಲು ಪಾಲು ಉತ್ತರ ಬರೆದವರಿಗೆ ಹೋಗುತ್ತಿತ್ತು. ಪ್ರಶ್ನೋತ್ತರಗಳು ಎಲ್ಲರ ಓದಿಗೂ ತೆರೆದಿದ್ದರಿಂದ ಸಂಶೋಧಕರಿಗೆ ಒಳ್ಳೆಯ ಸಾಮಗ್ರಿ ಸಿಕ್ಕಿತು. ಹಾರ್ಪರ್ ಮತ್ತು ಸಂಗಡಿಗರು 2008ರಲ್ಲಿ ಹಲವು ತಾಣಗಳನ್ನು ಹೋಲಿಸಿ, ದುಡ್ಡು ಕೊಟ್ಟ ಕಡೆ ಉತ್ತರದ ಗುಣಮಟ್ಟ ಹೆಚ್ಚು, ಹೆಚ್ಚು ಕೊಟ್ಟರೆ ಇನ್ನೂ ಹೆಚ್ಚು ಎಂದರು. 2010ರಲ್ಲಿ ಚೆನ್, ಹೋ, ಕಿಮ್ ಅವರು ಗೂಗಲ್ ಆನ್ಸರ್ಸ್‌ನಲ್ಲೇ ಪ್ರಯೋಗ ಮಾಡಿ ಕಂಡದ್ದು ಬೇರೆ: ಬೆಲೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಉತ್ತಮವಾಗುವುದಿಲ್ಲ. ಒಳ್ಳೆಯ ಹೆಸರು ಗಳಿಸಿದ್ದವರ ಉತ್ತರ ಮಾತ್ರ ಉತ್ತಮವಾಗಿತ್ತು. ಅದೇ ವರ್ಷದ ಇನ್ನೊಂದು ಮರುವಿಶ್ಲೇಷಣೆಯಲ್ಲಿ, ಬೆಲೆ ನಿರ್ಧರಿಸುವುದು ಪ್ರಶ್ನೆಗೆ ಉತ್ತರ ಸಿಗುತ್ತದೆಯೇ ಇಲ್ಲವೇ ಅನ್ನುವುದನ್ನು, ಸಿಕ್ಕ ಉತ್ತರದ ಗುಣಮಟ್ಟವನ್ನಲ್ಲ ಎಂದು ಬಂತು.

ಹಾಗಾದರೆ ಹೆಸರು ಗಳಿಸಿದವರನ್ನು ನಂಬಬಹುದಲ್ಲ ಅನ್ನಿಸಬಹುದು. ಆದರೆ ಅಲ್ಲಿ ಉತ್ತರ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಬೇರೆಯವರು ಕೆಳಗೆ ಕಾಮೆಂಟ್ ಹಾಕಿ ತಿದ್ದಬಹುದಿತ್ತು. ಇಬ್ಬರೇ ಇರುವ ಖಾಸಗಿ ಚಾಟ್‌ನಲ್ಲಿ ತಪ್ಪನ್ನು ಹಿಡಿಯುವ ಮೂರನೆಯವರು ಇರುವುದಿಲ್ಲ. ಆ ಸ್ಟಾರ್‌ಗೂ ಈ ಸ್ಟಾರ್‌ಗೂ ಒಂದೇ ಬೆಲೆ ಕಟ್ಟಲಾಗದು.

ವಿಷಯ ಗೊತ್ತಿಲ್ಲದೆ ಅಳೆಯುವುದು ಹೇಗೆ ಎಂದಿರಿ. ಉತ್ತರ ಬಂದ ಮೇಲೆ ಮೂರು ಮರುಪ್ರಶ್ನೆ ಕೇಳಿ. ಇದು ಯಾವ ದಾಖಲೆಯ ಯಾವ ಭಾಗದಲ್ಲಿದೆ? ಇದಲ್ಲದೆ ಬೇರೆ ಏನಿರಬಹುದು, ಅದನ್ನು ಇದರಿಂದ ಬೇರ್ಪಡಿಸಲು ಏನು ನೋಡಬೇಕು? ನಾನು ಕೊಟ್ಟ ವಿವರಗಳಲ್ಲಿ ಯಾವುದು ಬದಲಾದರೆ ನಿಮ್ಮ ಉತ್ತರ ಬದಲಾಗುತ್ತದೆ? ಮೂರನೆಯದು ಬಹಳ ಕೆಲಸ ಮಾಡುತ್ತದೆ. ಕೆಲಸ ಗೊತ್ತಿರುವವರು "ವಯಸ್ಸು 65 ದಾಟಿದ್ದರೆ ಹೀಗೆ", "ಒಪ್ಪಂದಕ್ಕೆ ಸಹಿ ಬಿದ್ದ ದಿನ ಬೇರೆಯಾದರೆ ಹಾಗೆ" ಅಂತ ತಕ್ಷಣ ಹೇಳುತ್ತಾರೆ, ಯಾಕೆಂದರೆ ಅವರು ಉತ್ತರಕ್ಕೆ ಬಂದದ್ದೇ ಆ ದಾರಿಯಲ್ಲಿ. ಸಿದ್ಧ ಉತ್ತರ ಅಂಟಿಸಿದವರು ಮೊದಲಿನದನ್ನೇ ಬೇರೆ ಮಾತಿನಲ್ಲಿ ಮತ್ತೆ ಬರೆಯುತ್ತಾರೆ.

ಸ್ಪ್ಯಾನರ್14:

ಕಾರಿನ ಭಾಗ ನಾನು ಹೇಳ್ತೀನಿ. "ಎಂಜಿನ್ ಲೈಟ್ ಆರ್ತಿಲ್ಲ" ಅಂತ ಮಾತ್ರ ಕೇಳಿದ್ರೆ ಎಂಥ ಪಳಗಿದ ಮೆಕ್ಯಾನಿಕ್ ಆದ್ರೂ ಊಹೆ ಮಾಡಬೇಕಷ್ಟೆ. ಮೊದಲು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದೋ ಸಾಧನ) ಹಾಕಿ ಕೋಡ್ ಓದಿ. ಫ್ರೀಜ್ ಫ್ರೇಮ್ ಅಂತ ಒಂದು ಪುಟ ಇರುತ್ತೆ, ಲೈಟ್ ಹತ್ತಿದ ಗಳಿಗೆಯಲ್ಲಿ ಎಂಜಿನ್ ಬಿಸಿ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಲೋಡ್ ಎಷ್ಟು ಅಂತೆಲ್ಲ ಅದ್ರಲ್ಲಿ ಇರುತ್ತೆ. ಅದರ ಫೋಟೋ ತೆಗೆದಿಟ್ಕೊಳ್ಳಿ. ಕೋಡ್ ಅಳಿಸಲೇಬೇಡಿ. ಅಳಿಸಿದ್ರೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತೆ, ರೆಡಿನೆಸ್ ಮಾನಿಟರ್‌ಗಳೂ (ಕಾರು ತನ್ನನ್ನೇ ಪರೀಕ್ಷಿಸಿ ಮುಗಿಸಿದೆಯಾ ಅನ್ನೋ ದಾಖಲೆ) ರೀಸೆಟ್ ಆಗ್ತವೆ, ಆಮೇಲೆ ತಜ್ಞರಿಗೆ ತೋರಿಸೋಕೆ ನಿಮ್ಮ ಹತ್ರ ಏನೂ ಉಳಿಯಲ್ಲ.

ಪ್ರಶ್ನೆಯಲ್ಲಿ ಇರಬೇಕಾದ್ದು: ಕಂಪನಿ, ಮಾಡೆಲ್, ವರ್ಷ, ಎಂಜಿನ್ ಕೋಡ್ (ಯಾವ ನಮೂನೆಯ ಎಂಜಿನ್ ಅನ್ನೋ ಗುರುತು), ಓಡಿದ ಕಿಲೋಮೀಟರ್, ಕಂಡ ದೋಷದ ಕೋಡ್‌ಗಳೆಲ್ಲ (ಮುಖ್ಯ ಅನ್ನಿಸಿದ್ದು ಒಂದೇ ಅಲ್ಲ), ಇತ್ತೀಚೆಗೆ ಏನೇನು ಬಿಚ್ಚಿದ್ರು, ಬದಲಾಯಿಸಿದ್ರು ಅನ್ನೋದು. ತೊಂದರೆ ಬರೋದು ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ್ಮೇಲೋ, ಐಡಲ್‌ನಲ್ಲೋ (ಕಾರು ನಿಂತು ಎಂಜಿನ್ ಮಾತ್ರ ಓಡ್ತಿರುವಾಗ) ಏರು ಹತ್ತುವಾಗಲೋ. ಹದಿನೇಳು ಅಕ್ಷರ-ಅಂಕಿಯ ಚಾಸಿಸ್ ನಂಬರ್ ಖಾಸಗಿ ಚಾಟ್‌ನಲ್ಲಿ ಕೊಡಿ, ಎಲ್ಲರಿಗೂ ಕಾಣೋ ಪ್ರಶ್ನೆಯಲ್ಲಿ ಬೇಡ.

ಒಂದು ಉದಾಹರಣೆ. ಕೋಡ್ ಪಿ0171 ಬಂತು ಅನ್ಕೊಳ್ಳಿ. ಬ್ಯಾಂಕ್ ಒಂದರಲ್ಲಿ (ಅಂದ್ರೆ ಎಂಜಿನ್‌ನ ಒಂದು ಸಾಲಿನ ಸಿಲಿಂಡರ್‌ಗಳಲ್ಲಿ) ಮಿಶ್ರಣ ಲೀನ್, ಅಂದ್ರೆ ಗಾಳಿ ಜಾಸ್ತಿ ಇಂಧನ ಕಮ್ಮಿ. ಕೆಟ್ಟ ಉತ್ತರ ಹೀಗಿರುತ್ತೆ: "ಆಕ್ಸಿಜನ್ ಸೆನ್ಸರ್ ಬದಲಾಯಿಸಿ." ಪಾಪ, ಎಕ್ಸಾಸ್ಟ್‌ನಲ್ಲಿ (ಹೊಗೆ ಕೊಳವೆಯಲ್ಲಿ) ಇರೋ ಆ ಸೆನ್ಸರ್ ತಾನು ಕಂಡದ್ದನ್ನ ಹೇಳ್ತಿದೆ ಅಷ್ಟೇ. ಒಳ್ಳೆ ಉತ್ತರ ಕೊಡೋರು ಮೊದಲು ಫ್ಯೂಯಲ್ ಟ್ರಿಮ್ ಕೇಳ್ತಾರೆ, ಅಂದ್ರೆ ಕಂಪ್ಯೂಟರ್ ಇಂಧನವನ್ನ ಶೇಕಡಾ ಎಷ್ಟು ಏರಿಸಿ ಇಳಿಸಿ ಸರಿದೂಗಿಸ್ತಿದೆ ಅನ್ನೋ ಅಂಕಿ. ಐಡಲ್‌ನಲ್ಲಿ ಎಷ್ಟು, 2500 ಆರ್‌ಪಿಎಂನಲ್ಲಿ ಹಿಡಿದ್ರೆ ಎಷ್ಟು? ಐಡಲ್‌ನಲ್ಲಿ +20ರ ಆಸುಪಾಸು ಇದ್ದು ಆರ್‌ಪಿಎಂ ಏರಿದಾಗ ಇಳಿದ್ರೆ ಇನ್‌ಟೇಕ್ ಕಡೆ ಎಲ್ಲೋ ಗಾಳಿ ಸೋರ್ತಿದೆ. ಥ್ರಾಟಲ್ (ಗಾಳಿ ಒಳಗೆ ಬಿಡೋ ಕವಾಟ) ಮುಚ್ಚಿರುವಾಗ ಎಂಜಿನ್ ಎಳೆಯೋ ಗಾಳಿಯೇ ಕಮ್ಮಿ, ಅದಕ್ಕೇ ಆ ಸೋರಿಕೆಯ ಪಾಲು ದೊಡ್ಡದಾಗಿ ಕಾಣುತ್ತೆ. ಥ್ರಾಟಲ್ ತೆರೆದಾಗ ಲೆಕ್ಕಕ್ಕೆ ಬರಲ್ಲ. ಅದೇ ಲೋಡ್ ಏರಿದಂತೆ ಟ್ರಿಮ್ಮೂ ಏರಿದ್ರೆ ಇಂಧನ ಸಾಲ್ತಿಲ್ಲ, ಪಂಪ್ ಅಥವಾ ಫಿಲ್ಟರ್ ನೋಡಿ, ಇಲ್ಲಾ ಗಾಳಿ ಅಳೆಯೋ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆ ಹಿಡಿದಿದೆ. ವಿ ಆಕಾರದ ಎಂಜಿನ್‌ನಲ್ಲಿ ಪಿ0174 ಕೂಡ ಜೊತೆಗೆ ಬಂದಿದ್ರೆ ಎರಡೂ ಬ್ಯಾಂಕ್‌ಗೆ ಸಮಾನವಾದ ಕಾರಣ ಹುಡುಕಬೇಕು. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಸೀಳಿದ್ರೂ ಹೊರಗಿನ ಗಾಳಿ ಒಳಗೆ ಹೋಗಿ ಇದೇ ಕೋಡ್ ಬರಬಹುದು.

ನೋಡಿ, ಉತ್ತರ ಬರೋ ಮುಂಚೆ ಎರಡು ಅಂಕಿ ಕೇಳಿದ್ರಾ ಇಲ್ವಾ ಅನ್ನೋದ್ರಲ್ಲೇ ಎಲ್ಲಾ ಗೊತ್ತಾಗುತ್ತೆ. ಏನೂ ಕೇಳದೆ ಭಾಗದ ಹೆಸರು ಹೇಳಿದ್ರೆ ಆ ಭಾಗ ಕೊಳ್ಳಬೇಡಿ. ಹೊಗೆ ಶುದ್ಧಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಪಿ0420 ಕೋಡ್‌ಗೆ ನೇರ "ಕನ್ವರ್ಟರ್ ಹಾಕ್ಸಿ" ಅನ್ನೋದೂ ಇದೇ ಜಾತಿ. ಎಕ್ಸಾಸ್ಟ್ ಲೀಕ್, ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರೋದು), ಹಿಂದಿನ ಸೆನ್ಸರ್ ನೋಡದೆ ಕನ್ವರ್ಟರ್‌ಗೆ ಕೈ ಹಾಕಬಾರದು, ಅದು ತುಂಬಾ ದುಬಾರಿ ಭಾಗ. ಮಿಸ್‌ಫೈರ್ ಇದ್ದು ಅದನ್ನ ಸರಿಮಾಡದೆ ಹೊಸದು ಹಾಕಿದ್ರೆ ಹೊಸದೂ ಸುಟ್ಟು ಹೋಗಬಹುದು.

ಬೋಲ್ಟ್ ಬಿಗಿಸೋ ಟಾರ್ಕ್ ಕೇಳಿದ್ರೆ ಯೂನಿಟ್ ಇಲ್ಲದ ಅಂಕಿ ತಗೋಬೇಡಿ. ಒಂದು ಅಡಿ-ಪೌಂಡ್ ಅಂದ್ರೆ 1.356 ನ್ಯೂಟನ್ ಮೀಟರ್. "80" ಅಂತ ಬರೆದಿರೋದು ಅಡಿ-ಪೌಂಡ್ ಆಗಿದ್ರೆ 108 ನ್ಯೂಟನ್ ಮೀಟರ್ ಆಯ್ತು. ಉಲ್ಟಾ ತಿಳ್ಕೊಂಡ್ರೆ ಬೋಲ್ಟ್ ಸಡಿಲ ಉಳಿಯುತ್ತೆ ಇಲ್ಲಾ ತುಂಡಾಗುತ್ತೆ. ಸರ್ವಿಸ್ ಮ್ಯಾನ್ಯುಯಲ್ ಪುಟದ ಚಿತ್ರ ಕೇಳಿ. ಆ ಪುಟದಲ್ಲೇ ಥ್ರೆಡ್‌ಗೆ ಎಣ್ಣೆ ಹಚ್ಚಬೇಕಾ ಬೇಡ್ವಾ, ಬೋಲ್ಟ್ ಮತ್ತೆ ಬಳಸಬಹುದಾ ಅನ್ನೋದೂ ಇರುತ್ತೆ. ನೆನಪಿನಿಂದ ಹೇಳೋ ಟಾರ್ಕ್ ಎಷ್ಟೇ ಅನುಭವಸ್ಥರದ್ದಾದ್ರೂ ಬೇಡ.

ಔಷಧಚೀಟಿ:

ಮಾತ್ರೆಗಳ ವಿಷಯಕ್ಕೆ ಬರುತ್ತೇನೆ. ಎದೆನೋವು, ಉಸಿರಾಟದ ತೊಂದರೆ, ಒಂದು ಕಡೆ ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಮಾತ್ರೆ ಹೆಚ್ಚಾಗಿ ನುಂಗಿರುವುದು: ಇವು ಯಾವುದಕ್ಕೂ ಚಾಟ್ ತೆರೆಯಬಾರದು. ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಉಳಿದ ಪ್ರಶ್ನೆಗಳಲ್ಲಿ ಉತ್ತರ ತಪ್ಪುವುದಕ್ಕೆ ಅಜ್ಞಾನಕ್ಕಿಂತ ಹೆಚ್ಚಾಗಿ ಅರ್ಧ ಮಾಹಿತಿಯೇ ಕಾರಣ. ಉತ್ತರ ಅದರ ಮಟ್ಟಿಗೆ ಸರಿಯಾಗಿಯೇ ಇರುತ್ತದೆ, ನಿಮ್ಮ ಕೈಯಲ್ಲಿರುವ ಬಾಟಲಿಗೆ ಮಾತ್ರ ತಪ್ಪಾಗಿರುತ್ತದೆ. ಮಗುವಿಗೆ ಜ್ವರ, 10 ಕಿಲೋ ತೂಕ, ಪ್ಯಾರಾಸಿಟಮಾಲ್ ಸಿರಪ್ ಎಷ್ಟು ಕೊಡಲಿ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂಬುದು ರೂಢಿಯ ಲೆಕ್ಕ, ಅಂದರೆ ಹೆಚ್ಚೆಂದರೆ 150 ಮಿಲಿಗ್ರಾಂ. 5 ಮಿಲಿಗೆ 160 ಮಿಲಿಗ್ರಾಂ ಇರುವ ಸಿರಪ್ ಬಳಕೆಯಲ್ಲಿರುವ ದೇಶದ ತಜ್ಞರು "ಸುಮಾರು 5 ಮಿಲಿ" ಎನ್ನುತ್ತಾರೆ. ಅವರ ಬಾಟಲಿಗೆ ಅದು ಸರಿ. ನಿಮ್ಮ ಬಾಟಲಿ 5 ಮಿಲಿಗೆ 120 ಮಿಲಿಗ್ರಾಂನದಾದರೆ 150 ಮಿಲಿಗ್ರಾಂಗೆ 6.25 ಮಿಲಿ ಬೇಕು. 250 ಮಿಲಿಗ್ರಾಂನದಾದರೆ 3 ಮಿಲಿ ಸಾಕು. ಆ 250ರ ಬಾಟಲಿಯಿಂದ 5 ಮಿಲಿ ಕೊಟ್ಟರೆ ಮಗುವಿಗೆ ಕಿಲೋಗೆ 25 ಮಿಲಿಗ್ರಾಂ ಹೋಗುತ್ತದೆ. ಹಸುಳೆಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100 ಮಿಲಿಗ್ರಾಂ ಇರುವುದೂ ಉಂಟು. ಆದ್ದರಿಂದ ಯಾವ ತಜ್ಞರಾದರೂ ಸಿರಪ್‌ನ ಪ್ರಮಾಣವನ್ನು ಬರೀ ಮಿಲಿಲೀಟರ್‌ನಲ್ಲಿ ಹೇಳಿದರೆ ಒಪ್ಪಿಕೊಳ್ಳಬೇಡಿ. ಮಿಲಿಗ್ರಾಂನಲ್ಲಿ ಹೇಳಿಸಿ, ಲೇಬಲ್ ಫೋಟೋ ಕಳಿಸಿ, ಆಮೇಲೆ ಮಿಲಿ ಲೆಕ್ಕ ಹಾಕಿಸಿ.

ದೊಡ್ಡವರಲ್ಲೂ ಇದೇ. ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 500ರ ಮಾತ್ರೆ ಎಂಟು. ಯಕೃತ್ತಿನ ತೊಂದರೆ ಇದ್ದವರಿಗೆ, ಹೆಚ್ಚು ಮದ್ಯ ಸೇವಿಸುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿ-ಕೆಮ್ಮಿನ ಮಿಶ್ರ ಮಾತ್ರೆಗಳಲ್ಲೂ ಅದೇ ಪ್ಯಾರಾಸಿಟಮಾಲ್ ಇರುವುದರಿಂದ ಎರಡನ್ನೂ ತೆಗೆದುಕೊಂಡವರು ಗೊತ್ತಿಲ್ಲದೆ ಮಿತಿ ದಾಟುತ್ತಾರೆ. "ಬೇರೆ ಏನು ತೆಗೆದುಕೊಳ್ಳುತ್ತಿದ್ದೀರಿ" ಎಂದು ಕೇಳದೆ ಡೋಸ್ ಹೇಳಿದವರ ಉತ್ತರ ಅಲ್ಲಿಗೇ ಬಿದ್ದುಹೋಯಿತು.

ನೀವು ಕೇಳಬೇಕೆಂದಿರುವಂಥ ಪ್ರಶ್ನೆಗೆ ತಜ್ಞರ ಕೈಗೆ ಕೊಡಬೇಕಾದದ್ದು: ವಯಸ್ಸು, ತೂಕ, ಪ್ರತಿ ಮಾತ್ರೆಯ ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನದಿಂದ, ಅಲರ್ಜಿ, ಗರ್ಭಿಣಿಯೇ, ಮೂತ್ರಪಿಂಡ ಮತ್ತು ಯಕೃತ್ತಿನ ಇತ್ತೀಚಿನ ರಿಪೋರ್ಟ್. ಬ್ರ್ಯಾಂಡ್ ಹೆಸರು ಮಾತ್ರ ಬರೆಯಬೇಡಿ, ಒಂದೇ ಬ್ರ್ಯಾಂಡ್ ಹೆಸರಲ್ಲಿ ಬೇರೆ ಬೇರೆ ದೇಶದಲ್ಲಿ ಬೇರೆ ಔಷಧ ಮಾರುವುದುಂಟು. ಲ್ಯಾಬ್ ಅಂಕಿಗಳನ್ನು ಯೂನಿಟ್ ಸಹಿತ ಕೊಡಿ. ರಕ್ತದ ಸಕ್ಕರೆ 7 ಎಂದರೆ ಲೀಟರಿಗೆ ಮಿಲಿಮೋಲ್ ಲೆಕ್ಕ, 18ರಿಂದ ಗುಣಿಸಿದರೆ ಡೆಸಿಲೀಟರಿಗೆ 126 ಮಿಲಿಗ್ರಾಂ.

ಪರೀಕ್ಷೆಗೆ ಒಂದು ಪ್ರಶ್ನೆ ಹೇಳುತ್ತೇನೆ. ಬಿಪಿಗೆ ಎಸಿಇ ಇನ್ಹಿಬಿಟರ್ ಅಥವಾ ಎಆರ್‌ಬಿ ಗುಂಪಿನ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ನಡೆಯುತ್ತಿರುವವರು ಮಂಡಿನೋವಿಗೆ ಐಬುಪ್ರೊಫೇನ್ ತೆಗೆದುಕೊಳ್ಳಬಹುದೇ? ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬೀಳುವ ಅಪಾಯ ಚೆನ್ನಾಗಿ ಗೊತ್ತಿರುವಂಥದ್ದು. "ಊಟದ ನಂತರ ತೆಗೆದುಕೊಳ್ಳಿ" ಎಂದಷ್ಟೇ ಹೇಳಿದರೆ ಆ ತಜ್ಞರ ಬಳಿ ಮುಂದಿನ ಪ್ರಶ್ನೆ ಬೇಡ. ಉತ್ತರ ಸರಿ ಬಂದರೂ ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲಿ "ಇತರ ಔಷಧಗಳೊಂದಿಗೆ" ಎಂಬ ಭಾಗಕ್ಕೆ ತಾಳೆ ನೋಡಿ. ಮತ್ತೆ, ನಡೆಯುತ್ತಿರುವ ಮಾತ್ರೆಯನ್ನು ನಿಲ್ಲಿಸುವ ತೀರ್ಮಾನ ಮಾತ್ರ ಅದನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಬೇಡ. ಕೆಲವು ಔಷಧಗಳನ್ನು ಏಕಾಏಕಿ ನಿಲ್ಲಿಸುವುದೇ ಅಪಾಯ.

ಕಲಂಬಾಹಿರ:

ಕರಾರು ಪತ್ರದ ಬಗ್ಗೆ. ತಾಣದ ಷರತ್ತುಗಳಲ್ಲಿ "ಇದು ಸಾಮಾನ್ಯ ಮಾಹಿತಿ, ವಕೀಲ-ಕಕ್ಷಿದಾರ ಸಂಬಂಧ ಏರ್ಪಡುವುದಿಲ್ಲ" ಎಂಬ ಸಾಲು ಇದೆಯೇ ನೋಡಿ, ಬಹುತೇಕ ಇರುತ್ತದೆ. ಅದರ ಪರಿಣಾಮ ಸಣ್ಣದಲ್ಲ. ಉತ್ತರ ತಪ್ಪಿದರೆ ಹೊಣೆ ಹೊರಿಸುವುದು ಕಷ್ಟ, ನೀವು ಬರೆದದ್ದಕ್ಕೆ ವಕೀಲರೊಡನೆ ಆಡಿದ ಮಾತಿಗಿರುವ ಗೋಪ್ಯತೆಯ ರಕ್ಷಣೆ ಸಿಗದಿರಬಹುದು, ಎದುರು ಪಕ್ಷಕ್ಕೂ ಅವರೇ ಸಲಹೆ ಕೊಡುತ್ತಿದ್ದಾರೆಯೇ ಎಂದು ಯಾರೂ ಪರಿಶೀಲಿಸಿರುವುದಿಲ್ಲ. ಕೆಲವು ತಾಣಗಳು ಪ್ರಶ್ನೋತ್ತರವನ್ನು ಹೆಸರು ತೆಗೆದು ಸಾರ್ವಜನಿಕ ಪುಟವಾಗಿ ಇಡುತ್ತವೆ, ಅದನ್ನೂ ಮೊದಲೇ ಓದಿಕೊಳ್ಳಿ.

ನೋಟಿಸ್ ಅವಧಿಯ ಪ್ರಶ್ನೆಯಲ್ಲಿ ಜನ ಮಾಡುವ ತಪ್ಪು ಒಂದೇ ಕಲಂ ಕತ್ತರಿಸಿ ಅಂಟಿಸುವುದು. "ಯಾವುದೇ ಪಕ್ಷ 30 ದಿನಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು" ಎಂಬ ಸಾಲು ನೋಡಿದವರು "ಇವತ್ತು ಇಮೇಲ್ ಹಾಕಿ, 30 ದಿನಕ್ಕೆ ಮುಗಿಯಿತು" ಎನ್ನುತ್ತಾರೆ. ಅದೇ ಪತ್ರದ ಕೊನೆಯ ಪುಟಗಳಲ್ಲಿ ನೋಟಿಸ್ ಎಂಬ ತಲೆಬರಹದಡಿ, ನೋಟಿಸ್ ಲಿಖಿತವಾಗಿ ನೋಂದಾಯಿತ ಅಂಚೆಯಲ್ಲೇ ಹೋಗಬೇಕು, ಕೈಸೇರಿದ ದಿನದಿಂದಲೇ ಲೆಕ್ಕ ಎಂದಿರುತ್ತದೆ. ಇನ್ನೊಂದು ಕಡೆ ಮೊದಲ ವರ್ಷ ಯಾರೂ ಹೊರಬರುವಂತಿಲ್ಲ ಎಂಬ ಲಾಕ್-ಇನ್ ಇರಬಹುದು. ಮೊದಲ ಉತ್ತರ ಆ ಒಂದು ಸಾಲಿಗೆ ಸರಿ, ಕರಾರಿಗೆ ತಪ್ಪು. ಪೂರ್ತಿ ಪತ್ರ, ಅನುಬಂಧಗಳು, ನಂತರದ ತಿದ್ದುಪಡಿ ಇಮೇಲ್‌ಗಳು, ಸಹಿಯ ದಿನಾಂಕ, ಯಾವ ಊರಿನ ಕಾನೂನು ಅನ್ವಯ ಎಂಬ ಕಲಂ, ಇಷ್ಟನ್ನೂ ಕೊಡಿ.

ಹೆಸರು, ವಿಳಾಸ, ಖಾತೆ ಸಂಖ್ಯೆ ಅಳಿಸಿ ಕಳಿಸುವಾಗ ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಸಾಲದು. ಚೌಕದ ಕೆಳಗಿನ ಅಕ್ಷರ ಹಾಗೇ ಉಳಿದಿರುತ್ತದೆ, ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಹೊರಬರುತ್ತದೆ. ಮುದ್ರಿಸಿ, ದಪ್ಪ ಮಾರ್ಕರ್‌ನಿಂದ ಮುಚ್ಚಿ, ಹಿಂದಿನಿಂದ ಬೆಳಕಿಗೆ ಹಿಡಿದು ಕಾಣುವುದಿಲ್ಲವೆಂದು ಖಚಿತ ಮಾಡಿಕೊಂಡು ಸ್ಕ್ಯಾನ್ ಮಾಡಿ.

ಉತ್ತರದಲ್ಲಿ ತೀರ್ಪು ಅಥವಾ ಸೆಕ್ಷನ್ ಉಲ್ಲೇಖಿಸಿದ್ದರೆ ಪಕ್ಷಗಳ ಹೆಸರು, ನ್ಯಾಯಾಲಯ, ವರ್ಷ, ಪ್ಯಾರಾ ಸಂಖ್ಯೆ ಕೇಳಿ ಪಡೆದು ಮೂಲವನ್ನೇ ತೆರೆಯಿರಿ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ ವಕೀಲರೇ ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ನ್ಯಾಯಾಧೀಶರ ಮುಂದೆಯೇ ಅದು ನಡೆದಿದೆ ಎಂದಮೇಲೆ ಚಾಟ್‌ನಲ್ಲಿ ನಡೆಯಲಾರದು ಎನ್ನುವಂತಿಲ್ಲ. ತೀರ್ಪು ನಿಜವಾಗಿ ಇದ್ದರೂ ನಂತರ ರದ್ದಾಗಿದೆಯೇ, ಸೆಕ್ಷನ್ ತಿದ್ದುಪಡಿಯಾಗಿದೆಯೇ ಎಂದು ನೋಡಬೇಕು. ಕೊನೆಯ ದಿನಾಂಕ, ಅಂದರೆ ದಾವೆ ಹೂಡುವ ಅಥವಾ ಮೇಲ್ಮನವಿಯ ಗಡುವು ಇರುವ ಯಾವ ವಿಷಯವನ್ನೂ ಚಾಟ್ ಉತ್ತರದ ಮೇಲೆ ಮಾತ್ರ ನಿರ್ಧರಿಸಬೇಡಿ. ಗಡುವು ತಪ್ಪಿದರೆ ಸರಿಪಡಿಸುವ ದಾರಿ ಹೆಚ್ಚಾಗಿ ಇರುವುದಿಲ್ಲ.

ಮುಂಜಾವು22:

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ಆಳವಾಗಿ ಯಾರಾದರೂ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ಇನ್ನೆರಡು ಸಂದೇಹ. ಆ ಕಡೆ ಕೂತಿರುವುದು ಮನುಷ್ಯರೋ, ಎಐ ಉತ್ತರವನ್ನು ಅಂಟಿಸುತ್ತಿರುವವರೋ ಅಂತ ತಿಳಿಯುವುದು ಹೇಗೆ? ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೇಳಿ ಎರಡೂ ಉತ್ತರ ಹೊಂದಿದರೆ ನಂಬಬಹುದೇ?

ಅಡಿಟಿಪ್ಪಣಿ:

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ಉತ್ತರಗಳನ್ನು ನಿಷೇಧಿಸಿತು. ಅವರು ಕೊಟ್ಟ ಕಾರಣ ಇಲ್ಲೂ ಹೊಂದುತ್ತದೆ: ತಪ್ಪಿನ ಪ್ರಮಾಣ ಹೆಚ್ಚು, ಆದರೆ ನೋಡಲು ಸರಿಯಾಗಿರುವಂತೆಯೇ ಕಾಣುತ್ತದೆ. ಭಾಷೆ ನೋಡಿ ಕಂಡುಹಿಡಿಯುವ ಪ್ರಯತ್ನ ಬೇಡ, ಚೆನ್ನಾಗಿ ಬರೆಯುವ ಮನುಷ್ಯರೂ ಇದ್ದಾರೆ. ನಿಮ್ಮ ವಿವರಗಳನ್ನು ಬಳಸಿದ್ದಾರೆಯೇ ನೋಡಿ. ನೀವು ಏಳು ಸಂಗತಿ ಕೊಟ್ಟಿದ್ದರೆ ಉತ್ತರದಲ್ಲಿ ಎಷ್ಟು ಕೆಲಸಕ್ಕೆ ಬಂದಿವೆ? ಅರ್ಧ ನಿಮಿಷದಲ್ಲಿ ಎರಡು ಪುಟ ಬಂತೇ? ಎಲ್ಲ ಸಾಧ್ಯತೆಯನ್ನೂ ಸಮಾನ ತೂಕದಲ್ಲಿ ಪಟ್ಟಿ ಮಾಡಿ ಯಾವುದು ಮೊದಲು ಎಂದು ಹೇಳದೆ ಬಿಟ್ಟರೇ? ಫೋಟೋ ಕಳಿಸಿ "ಇದರಲ್ಲಿ ಎಡಗಡೆ ಎರಡನೇ ಪೈಪ್ ಯಾವುದು" ಎಂಬಂಥ, ನಿಮ್ಮ ಚಿತ್ರ ನೋಡದೆ ಹೇಳಲಾಗದ ಪ್ರಶ್ನೆ ಇಡಿ. ಈಗಿನ ಎಐ ಚಿತ್ರವನ್ನೂ ಓದುತ್ತದೆ, ಹಾಗಾಗಿ ಇದೂ ಪಕ್ಕಾ ಪರೀಕ್ಷೆ ಅಲ್ಲ. ಆದರೆ ಎಐ ಬಳಸಿದರೂ ಓದಿ ತಿದ್ದಿ ಕಳಿಸುವವರಿಗೂ ಹಾಗೇ ದಾಟಿಸುವವರಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ, ನಿಮಗೆ ಬೇಕಾಗಿರುವುದೂ ಅದೇ.

ಎರಡು ಉತ್ತರ ಹೊಂದುವುದಕ್ಕೆ ಬೆಲೆ ಬರುವುದು ಅವು ಒಂದನ್ನೊಂದು ನೋಡದೆ ಬಂದಾಗ. ಒಂದೇ ಖಾತೆಯಲ್ಲಿ ಕೇಳಿದರೆ ಎರಡನೆಯವರಿಗೆ ಹಿಂದಿನ ಚಾಟ್ ಕಾಣಿಸಬಹುದು. "ಮೊದಲಿನವರು ಹೀಗೆ ಹೇಳಿದರು, ಸರಿಯೇ" ಎಂದು ಕೇಳಿದರೆ ಒಪ್ಪಿಕೊಳ್ಳುವ ಕಡೆಗೇ ವಾಲುತ್ತಾರೆ. ಬೇರೆ ತಾಣದಲ್ಲಿ, ಅದೇ ವಿವರ, ಅದೇ ಫೋಟೋ, ಮೊದಲ ಉತ್ತರದ ಸುಳಿವಿಲ್ಲದೆ ಕೇಳಿ. ಇಬ್ಬರೂ ಒಂದೇ ವೆಬ್ ಪುಟದಿಂದ ಎತ್ತಿದ್ದರೆ ಅದನ್ನು ಒಂದು ಉತ್ತರ ಎಂದೇ ಎಣಿಸಿ. ಹೊಂದದಿದ್ದರೆ ಬೇಸರ ಬೇಡ. ಮುಖಾಮುಖಿ ವೈದ್ಯಕೀಯದಲ್ಲೇ ಎರಡನೇ ಅಭಿಪ್ರಾಯ ಬದಲಾಗುವುದು ಸಾಮಾನ್ಯ: ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಗೆ ಕಳಿಸಲಾಗಿದ್ದ 286 ರೋಗಿಗಳ ಬಗ್ಗೆ 2017ರಲ್ಲಿ ಬಂದ ವರದಿಯಲ್ಲಿ ಮೊದಲ ರೋಗನಿರ್ಣಯ ಹಾಗೇ ಉಳಿದದ್ದು ಶೇ 12ರಷ್ಟು ಜನರಲ್ಲಿ ಮಾತ್ರ, ಶೇ 21ರಲ್ಲಿ ಅದು ಪೂರ್ತಿ ಬೇರೆಯಾಯಿತು, ಉಳಿದವರಲ್ಲಿ ಇನ್ನಷ್ಟು ನಿಖರವಾಯಿತು. ಅವು ಕ್ಲಿಷ್ಟ ಪ್ರಕರಣಗಳು, ಅದು ನೆನಪಿರಲಿ. ಎರಡು ಉತ್ತರ ಎಲ್ಲಿ ಬೇರೆಯಾಗುತ್ತವೋ ಆ ಬಿಂದುವನ್ನು ಹಿಡಿದು ಇಬ್ಬರನ್ನೂ "ಇದನ್ನು ತೀರ್ಮಾನಿಸಲು ಯಾವ ಪರೀಕ್ಷೆ ಬೇಕು" ಎಂದು ಕೇಳಿ.

ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನು ಮೊದಲು ಕೇಳಿ ತಾಣವನ್ನು ಅಳೆಯುವುದೂ ಒಂದು ಉಪಾಯ.

ಸ್ಪ್ಯಾನರ್14:

ಈ ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಪ್ರತಿ ಪ್ರಶ್ನೆ ಬೇರೆ ಬೇರೆ ಮನುಷ್ಯರಿಗೆ ಹೋಗೋ ತಾಣದಲ್ಲಿ ಇವತ್ತು ಸರಿ ಹೇಳಿದವರು ನಾಳೆ ಸಿಗಲ್ಲ. ದುಡ್ಡು ದಂಡ. ಅದೇ ಚಾಟ್‌ನಲ್ಲಿ, ಅದೇ ಮನುಷ್ಯರಿಗೆ, ನಿಮ್ಮ ಪ್ರಶ್ನೆಯ ಜೊತೆಗೇ ಗೊತ್ತಿರೋ ಒಂದು ಸಂಗತಿ ಸೇರಿಸಿ ಕೇಳಿ. ನಿಮ್ಮ ಕಾರಿನ ಎಂಜಿನ್ ಆಯಿಲ್ ಗ್ರೇಡ್, ಅದರ ಪ್ರಮಾಣ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತಲ್ಲ, ಅದನ್ನೇ ಕೇಳಿ ನೋಡಿ. ಎಂಜಿನ್ ಕೋಡ್ ಕೇಳದೆ ಲೀಟರ್ ಹೇಳಿದ್ರೆ ಆ ತಜ್ಞರ ಅಳತೆ ಸಿಕ್ತು.

ಅಡಿಟಿಪ್ಪಣಿ:

ಸರಿ, ನಿಮ್ಮದೇ ಉತ್ತಮ. ತಜ್ಞರನ್ನು ನಾವೇ ಆರಿಸಿಕೊಳ್ಳಬಹುದಾದ ತಾಣಗಳಿಗೆ ಮಾತ್ರ ನನ್ನ ಉಪಾಯ ಹೊಂದುತ್ತದೆ.

ಖಾತೆಪುಸ್ತಕ:

ಉತ್ತರದ ಬಗ್ಗೆ ಎಲ್ಲರೂ ಹೇಳಿದರು, ಹಣದ ಬಗ್ಗೆ ನಾನು ಸೇರಿಸುತ್ತೇನೆ. ಮೊದಲ ಪರದೆಯಲ್ಲಿ ಕಾಣುವ ಸಣ್ಣ ಮೊತ್ತ ಒಂದು ಉತ್ತರದ ಬೆಲೆಯೋ, ಮಾಸಿಕ ಚಂದಾದ ಟ್ರಯಲ್ಲೋ ಅಂತ ಕಾರ್ಡ್ ನಂಬರ್ ಹಾಕುವ ಪುಟದಲ್ಲೇ, ಬಟನ್ನಿನ ಕೆಳಗಿನ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ರಯಲ್ ಆಗಿದ್ದರೆ ಉತ್ತರ ಸಿಕ್ಕ ದಿನವೇ ಚಂದಾ ರದ್ದು ಮಾಡಿ, ರದ್ದಾಯಿತು ಎಂಬ ಇಮೇಲ್ ಬರುವವರೆಗೆ ಬಿಡಬೇಡಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಆ್ಯಪ್ ಸ್ಟೋರ್ ಮೂಲಕ ಹಣ ಕಟ್ಟಿದ್ದರೆ ರದ್ದು ಮಾಡಬೇಕಾದದ್ದೂ ಅಲ್ಲೇ, ತಾಣದ ಸೆಟ್ಟಿಂಗ್ಸ್‌ನಲ್ಲಿ ಅಲ್ಲ. ಬ್ಯಾಂಕ್ ಮಿತಿ ಹಾಕಬಹುದಾದ ವರ್ಚುವಲ್ ಕಾರ್ಡ್ ಕೊಡುತ್ತದೆ ಎಂದರೆ ಅದನ್ನೇ ಬಳಸಿ.

ಕೆಲವು ತಾಣಗಳಲ್ಲಿ ನೀವು ಉತ್ತರವನ್ನು ಒಪ್ಪಿದರೆ ಅಥವಾ ಸ್ಟಾರ್ ಕೊಟ್ಟರೆ ತಜ್ಞರಿಗೆ ಹಣ ಬಿಡುಗಡೆಯಾಗುತ್ತದೆ. ಆದ್ದರಿಂದ ಮರುಪ್ರಶ್ನೆಗಳು ಮುಗಿಯುವ ಮುಂಚೆ ಆ ಬಟನ್ ಒತ್ತಬೇಡಿ. "ಫೋನಲ್ಲಿ ಮಾತಾಡಿದರೆ ಚೆನ್ನಾಗಿ ವಿವರಿಸಬಹುದು" ಎಂಬ ಹೆಚ್ಚುವರಿ ಶುಲ್ಕದ ಆಹ್ವಾನ ಮಧ್ಯದಲ್ಲಿ ಬಂದರೆ ಬೇಡವೆನ್ನಿ. ಬರಹದಲ್ಲಿ ಇದ್ದರೆ ಇನ್ನೊಬ್ಬರಿಗೆ ತೋರಿಸಿ ತಾಳೆ ನೋಡಬಹುದು, ಕರೆಯಲ್ಲಿ ಆಡಿದ ಮಾತಿಗೆ ದಾಖಲೆ ಉಳಿಯುವುದಿಲ್ಲ. ಚಾಟ್ ಪೂರ್ತಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಖಾತೆ ಮುಚ್ಚಿದ ಮೇಲೆ ಅದು ಸಿಗದಿರಬಹುದು. ಒಪ್ಪದ ಮೊತ್ತ ಕಡಿತವಾದರೆ ಮೊದಲು ತಾಣಕ್ಕೆ ಬರಹದಲ್ಲಿ ರೀಫಂಡ್ ಕೇಳಿ, ಕೊಡದಿದ್ದರೆ ಸ್ಕ್ರೀನ್‌ಶಾಟ್ ಮತ್ತು ರದ್ದತಿಯ ಇಮೇಲ್ ಜೊತೆಗೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಡಿತವಾದ ಹಣವನ್ನು ಬ್ಯಾಂಕ್ ಮೂಲಕ ವಾಪಸ್ ಪಡೆಯುವ) ದೂರು ಹಾಕಿ. ಅದಕ್ಕೂ ಗಡುವು ಇರುತ್ತದೆ, ಸ್ಟೇಟ್‌ಮೆಂಟ್ ಬಂದ ವಾರದಲ್ಲೇ ಮಾಡಿಬಿಡಿ.